ಮುಳುಗಲೆಂದೇ ಕಟ್ಟುವ ಯುದ್ಧನೌಕೆಗಳು

ರಿಮೋಟ್‌ನಲ್ಲಿ ಓಡುವ ದೋಣಿ ಅಂದ ಕೂಡಲೇ ಹೆಚ್ಚಿನವರಿಗೆ ನೆನಪಾಗುವುದು ಮಕ್ಕಳ ಆಟಿಕೆ. ಇಲ್ಲಿ ಹೇಳಹೊರಟಿರುವುದು ಬೇರೆಯೇ ವಿಷಯ. ಹಳೆಯ ಕಾಲದ ಒಂದು ಯುದ್ಧನೌಕೆಯನ್ನು ಅಳತೆ ತಪ್ಪದ ಹಾಗೆ ಚಿಕ್ಕದು ಮಾಡಿ ಕಟ್ಟುತ್ತಾರೆ. ಅದಕ್ಕೆ ಮೋಟರ್, ಬ್ಯಾಟರಿ, ಚುಕ್ಕಾಣಿ ಇರುತ್ತದೆ. ಜೊತೆಗೆ ಉಕ್ಕಿನ ಸಣ್ಣ ಗುಂಡು ಹಾರಿಸುವ ಗನ್ನೂ ಇರುತ್ತದೆ. ಎದುರಿಗೆ ಅಂಥದ್ದೇ ಇನ್ನೊಂದು ಹಡಗು. ಗುಂಡು ತಾಗಿದರೆ ಹಡಗಿನ ಬದಿ ನಿಜಕ್ಕೂ ತೂತಾಗುತ್ತದೆ, ನೀರು ಒಳಗೆ ನುಗ್ಗುತ್ತದೆ. ಒಳಗಿನ ಪಂಪ್ ಆ ನೀರನ್ನು ಹೊರಗೆ ಹಾಕುತ್ತಿರುತ್ತದೆ. ಪಂಪ್ ಸೋತರೆ ಹಡಗು ಕೆರೆಯ ತಳಕ್ಕೆ. ಯುದ್ಧ ಮುಗಿದ ಮೇಲೆ ಹಡಗಿನ ಯಜಮಾನ ನೀರಿಗಿಳಿದು ಅದನ್ನು ಎತ್ತಿ ತರುತ್ತಾನೆ. ನೀರು ಬಸಿದು, ತೂತು ಮುಚ್ಚಿ, ಅದೇ ದಿನ ಮತ್ತೆ ಇಳಿಸುತ್ತಾನೆ.

ವಿಡಿಯೊ ನೋಡಿದವರಿಗೆ ಇದು ಗುಂಡು ಹೊಡೆಯುವ ಆಟ ಅನ್ನಿಸುತ್ತದೆ. ನನಗೆ ಹಾಗನ್ನಿಸುವುದಿಲ್ಲ. ಇದು ನೀರಿನ ಆಟ. ನೀರು ಎಲ್ಲಿಂದ ಬರುತ್ತದೆ, ಒಳಗೆ ಬಂದ ಮೇಲೆ ಎಲ್ಲಿ ಹೋಗಿ ನಿಲ್ಲುತ್ತದೆ, ಅದನ್ನು ಎಷ್ಟು ಬೇಗ ಹೊರಗೆ ಹಾಕಬಹುದು ಅನ್ನುವುದರ ಮೇಲೆ ಸೋಲು ಗೆಲುವು ನಿಂತಿದೆ. ಹಾಗೆ ನೋಡಿದರೆ ಮಲ್ಪೆಯಲ್ಲೋ ಮಂಗಳೂರಿನ ದಕ್ಕೆಯಲ್ಲೋ ಬೋಟುಗಳ ನಡುವೆ ಬೆಳೆದವರಿಗೆ ಇದರ ಅರ್ಧ ಪಾಠ ಆಗಲೇ ಗೊತ್ತಿರುತ್ತದೆ.

ಈ ಹವ್ಯಾಸ ಈಗಿನ ರೂಪಕ್ಕೆ ಬಂದದ್ದು ಅಮೆರಿಕದ ಟೆಕ್ಸಾಸ್‌ನಲ್ಲಿ, 1970ರ ದಶಕದ ಕೊನೆಯಲ್ಲಿ. ಈಗ ಅಮೆರಿಕ, ಆಸ್ಟ್ರೇಲಿಯಾ ಮುಂತಾದ ಕಡೆ ಇದಕ್ಕೆಂದೇ ಕ್ಲಬ್ಬುಗಳಿವೆ. ಆದರೆ ಬೇರು ಇನ್ನೂ ಹಳೆಯದು. ಲೋಕಕ್ಕೆ ಮೊದಲ ರೇಡಿಯೊ ನಿಯಂತ್ರಿತ ಯಂತ್ರವನ್ನು ತೋರಿಸಿದ್ದು ನಿಕೋಲಾ ಟೆಸ್ಲಾ, 1898ರಲ್ಲಿ, ನ್ಯೂಯಾರ್ಕ್‌ನಲ್ಲಿ. ಅದು ಕಾರೂ ಅಲ್ಲ, ವಿಮಾನವೂ ಅಲ್ಲ, ನೀರಿನ ತೊಟ್ಟಿಯಲ್ಲಿ ಓಡುವ ಒಂದು ದೋಣಿ. ಇಂಗ್ಲೆಂಡಿನ ಸ್ಕಾರ್ಬರೊ ಊರಿನ ಪೀಸ್‌ಹೋಮ್ ಪಾರ್ಕಿನ ಕೆರೆಯಲ್ಲಿ 1927ರಿಂದಲೇ ಪುಟ್ಟ ಯುದ್ಧನೌಕೆಗಳ ಕಾದಾಟದ ಪ್ರದರ್ಶನ ಶುರುವಾಯಿತು. ಅಲ್ಲಿ ರಿಮೋಟ್ ಇರಲಿಲ್ಲ. ಹಡಗಿನೊಳಗೆ ಮನುಷ್ಯರೇ ಕೂತು ನಡೆಸುತ್ತಿದ್ದರು!

144ರ ಲೆಕ್ಕ

ಈ ಆಟದಲ್ಲಿ ಹೆಚ್ಚಾಗಿ ಬಳಸುವ ಅಳತೆ 144ಕ್ಕೆ 1. ಅಂದರೆ ನಿಜವಾದ ಹಡಗಿನ 12 ಅಡಿ ನಮ್ಮ ಮಾದರಿಯಲ್ಲಿ 1 ಇಂಚು. ಹಡಗನ್ನು ಬೇಕಾದ ಕಾಲದಿಂದ ಆರಿಸುವಂತಿಲ್ಲ. ಸುಮಾರಾಗಿ 1900ರಿಂದ ಎರಡನೇ ಮಹಾಯುದ್ಧ ಮುಗಿಯುವ ತನಕದ ಹಡಗುಗಳಿಗೆ ಮಾತ್ರ ಅವಕಾಶ. ಇದಕ್ಕೆ ಕಾರಣ ಇದೆ. ಅದು ದೊಡ್ಡ ತೋಪುಗಳ ಕಾಲ. ಆಮೇಲೆ ಕ್ಷಿಪಣಿ ಬಂತು, ಹಡಗುಗಳು ಕಣ್ಣಿಗೆ ಕಾಣದ ದೂರದಿಂದ ಹೊಡೆದಾಡಲು ಶುರುಮಾಡಿದವು. ಕೆರೆಯಲ್ಲಿ ಅದನ್ನು ಆಡಿ ತೋರಿಸಲು ಆಗುವುದಿಲ್ಲ.

ಹಾಗಾದರೆ ನಮ್ಮ ದೇಶದ ಹಡಗು ಕಟ್ಟಲಿಕ್ಕೆ ಆಗುವುದಿಲ್ಲವಾ? ಆಗುತ್ತದೆ, ಅದೂ ಚಂದದ ಹಡಗು. ನೌಕಾಪಡೆಯ ಮೊದಲ ಐಎನ್‌ಎಸ್ ಮೈಸೂರು ಮೊದಲಿಗೆ ಬ್ರಿಟನ್ನಿನ ಎಚ್‌ಎಂಎಸ್ ನೈಜೀರಿಯಾ ಆಗಿತ್ತು. ಅದು ನೀರಿಗಿಳಿದದ್ದು 1939ರಲ್ಲಿ, ಭಾರತಕ್ಕೆ ಬಂದದ್ದು 1957ರಲ್ಲಿ. 1971ರ ಯುದ್ಧದಲ್ಲಿ ಪಶ್ಚಿಮ ನೌಕಾಪಡೆಯ ಮುಂದಾಳು ಹಡಗು ಅದೇ. ಅದಕ್ಕೂ ಮೊದಲು, 1948ರಲ್ಲಿ, ನಮಗೆ ಬಂದದ್ದು ಐಎನ್‌ಎಸ್ ಡೆಲ್ಲಿ. ಅದರ ಹಿಂದಿನ ಹೆಸರು ಎಚ್‌ಎಂಎಸ್ ಅಕಿಲಿಸ್. 1939ರ ಡಿಸೆಂಬರ್ 13ರಂದು ದಕ್ಷಿಣ ಅಮೆರಿಕದ ಕರಾವಳಿಯಲ್ಲಿ ಜರ್ಮನಿಯ ಗ್ರಾಫ್ ಸ್ಪೀ ಹಡಗನ್ನು ಎದುರಿಸಿದ ಮೂರು ಹಡಗುಗಳಲ್ಲಿ ಅದೂ ಒಂದು. ಎರಡೂ ಹಡಗುಗಳು ಈ ಆಟದ ಕಾಲಮಿತಿಯೊಳಗೇ ಬರುತ್ತವೆ. ಎದುರಾಳಿ ಬೇಕಾದರೆ ಎಂಡನ್ ಇದೆ. 1914ರ ಸೆಪ್ಟೆಂಬರ್ 22ರ ರಾತ್ರಿ ಮದ್ರಾಸಿನ ಎಣ್ಣೆ ಟ್ಯಾಂಕುಗಳಿಗೆ ಬೆಂಕಿ ಹಚ್ಚಿ ಹೋದ ಅದೇ ಜರ್ಮನ್ ಹಡಗು.

ಈಗ ಲೆಕ್ಕ ನೋಡಿ. ಮೈಸೂರಿನ ಉದ್ದ 169 ಮೀಟರ್. 144ರಿಂದ ಭಾಗಿಸಿದರೆ 117 ಸೆಂಟಿಮೀಟರ್. ಅಗಲ ಸುಮಾರು 13 ಸೆಂಟಿಮೀಟರ್. ಇಷ್ಟು ಸುಲಭ. ತೂಕದ ಲೆಕ್ಕ ಮಾತ್ರ ಹಾಗಲ್ಲ. ಉದ್ದ, ಅಗಲ, ಆಳ ಮೂರೂ 144 ಪಟ್ಟು ಕಡಿಮೆಯಾಗುವುದರಿಂದ ತೂಕ 144ರ ಘನದಷ್ಟು, ಅಂದರೆ ಸುಮಾರು 30 ಲಕ್ಷ ಪಟ್ಟು ಇಳಿಯುತ್ತದೆ. ಹತ್ತು ಸಾವಿರ ಟನ್ ಮೀರಿದ ಹಡಗು ಮೂರೂವರೆ ಕಿಲೋಗೆ ಬಂದು ನಿಲ್ಲುತ್ತದೆ. ಆ ಮೂರೂವರೆ ಕಿಲೋ ಒಳಗೇ ಹಡಗಿನ ಒಡಲು, ಬ್ಯಾಟರಿ, ಮೋಟರ್, ಪಂಪ್, ಗ್ಯಾಸ್ ಸಿಲಿಂಡರ್, ಗನ್, ಗುಂಡು ಎಲ್ಲ ಮುಗಿಯಬೇಕು. ಜಾಸ್ತಿಯಾದರೆ ಹಡಗು ನೀರಿನಲ್ಲಿ ತಗ್ಗಿ ಕೂರುತ್ತದೆ.

ಹೊಸಬರು ಸಾಮಾನ್ಯವಾಗಿ ಎಡವುವುದು ಇಲ್ಲೇ. ಚಿಕ್ಕ ಹಡಗು ಕಟ್ಟುವುದು ಸುಲಭ ಅಂದುಕೊಂಡು ಡಿಸ್ಟ್ರಾಯರ್, ಅಂದರೆ ಚಿಕ್ಕ, ವೇಗದ ಯುದ್ಧನೌಕೆ, ಆರಿಸುತ್ತಾರೆ. ಎರಡು ಸಾವಿರ ಟನ್ನಿನ ಡಿಸ್ಟ್ರಾಯರ್ ಈ ಅಳತೆಯಲ್ಲಿ 700 ಗ್ರಾಂ ಕೂಡ ಇರುವುದಿಲ್ಲ. ಅದರೊಳಗೆ ಏನು ಇಡುತ್ತೀರಿ? ಇನ್ನು ಜರ್ಮನಿಯ ಬಿಸ್ಮಾರ್ಕ್‌ನಂಥ ದೈತ್ಯ ಹಡಗು 174 ಸೆಂಟಿಮೀಟರ್ ಉದ್ದ, ಸುಮಾರು 17 ಕಿಲೋ ತೂಕ. ಜಾಗ ಬೇಕಾದಷ್ಟಿದೆ. ಆದರೆ ಅದನ್ನು ಕಾರಿನಲ್ಲಿ ತುಂಬಿಸುವುದು, ಮುಳುಗಿದರೆ ನೀರು ತುಂಬಿದ ಹಡಗನ್ನು ಕೆರೆಯಿಂದ ಎತ್ತುವುದು ಒಬ್ಬರ ಕೈಯಲ್ಲಿ ಆಗುವ ಕೆಲಸ ಅಲ್ಲ. ಮೊದಲ ಹಡಗು ಅಂದರೆ ಕ್ರೂಸರ್ (ನಡುಗಾತ್ರದ ಯುದ್ಧನೌಕೆ), ಅದೂ ಮೈಸೂರಿನ ಗಾತ್ರದ್ದು ಅಂತ ನಾನು ಹೇಳುವುದು ಇದಕ್ಕೇ.

ವೇಗದ ವಿಷಯ ಇನ್ನೂ ಸೊಗಸು. 30 ನಾಟ್ (ನಾಟ್ ಅಂದರೆ ಹಡಗಿನ ವೇಗದ ಅಳತೆ) ಓಡುವ ಹಡಗಿನ ವೇಗವನ್ನು 144ರಿಂದ ಭಾಗಿಸಿದರೆ ಮಾದರಿ ಇರುವೆಯ ಹಾಗೆ ತೆವಳುತ್ತದೆ, ನೋಡಲಿಕ್ಕೂ ಸಪ್ಪೆ. ಹಡಗಿನ ಮುಂದೆ ಏಳುವ ಅಲೆ ನಿಜವಾದ ಹಡಗಿನ ಅಲೆಯಂತೆಯೇ ಕಾಣಬೇಕಾದರೆ ವೇಗವನ್ನು 144ರ ವರ್ಗಮೂಲದಿಂದ, ಅಂದರೆ 12ರಿಂದ ಭಾಗಿಸಬೇಕು. ಇದನ್ನು ಕಂಡುಕೊಂಡವರು ವಿಲಿಯಂ ಫ್ರೌಡ್ ಎಂಬ ಇಂಗ್ಲಿಷ್ ಎಂಜಿನಿಯರ್. 1870ರ ದಶಕದಲ್ಲಿ ಅವರು ಉದ್ದನೆಯ ತೊಟ್ಟಿಯಲ್ಲಿ ಮಾದರಿ ಹಡಗುಗಳನ್ನು ಎಳೆದು ನೋಡಿ ಪರೀಕ್ಷೆ ಮಾಡುತ್ತಿದ್ದರು. ದೊಡ್ಡ ಹಡಗು ಕಟ್ಟುವವರು ಇವತ್ತಿಗೂ ಅದೇ ನಿಯಮ ಹಿಡಿಯುತ್ತಾರೆ. 30 ನಾಟ್ ಈ ಲೆಕ್ಕದಲ್ಲಿ ಎರಡೂವರೆ ನಾಟ್ ಆಗುತ್ತದೆ. ಸೆಕೆಂಡಿಗೆ 1.3 ಮೀಟರ್, ನಾವು ಬೀಸಾಗಿ ನಡೆಯುವ ವೇಗ. ಆ ವೇಗದಲ್ಲಿ ಮಾದರಿ ಹಡಗು ತಿರುವು ತೆಗೆದುಕೊಳ್ಳುವಾಗ ಹಿಂದೆ ಬಿಡುವ ನೊರೆಯ ಗೆರೆ ನೋಡಬೇಕು ಮಾರಾಯ್ರೆ, ಫೋಟೊ ತೆಗೆದರೆ ನಿಜವಾದ ಹಡಗೇ ಅನ್ನಬೇಕು.

ಕಿಟಕಿ ಕೊರೆದ ಒಡಲು

ಹಡಗಿನ ಒಡಲನ್ನು ಹೆಚ್ಚಿನವರು ಫೈಬರ್‌ಗ್ಲಾಸ್‌ನಲ್ಲಿ ಮಾಡುತ್ತಾರೆ. ಈ ಕೆಲಸಕ್ಕೆ ನಮ್ಮ ಕರಾವಳಿಯಷ್ಟು ಒಳ್ಳೆಯ ಜಾಗ ಇಲ್ಲ. ಮಲ್ಪೆಯಲ್ಲಿ, ಬೆಂಗ್ರೆಯಲ್ಲಿ, ಗಂಗೊಳ್ಳಿಯಲ್ಲಿ ಫೈಬರ್ ಕೆಲಸ ಗೊತ್ತಿರುವ ಕೈಗಳು ಬೇಕಾದಷ್ಟಿವೆ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುತ್ತದಲ್ವಾ, ಆಗ ಬೋಟುಗಳು ರಜೆಯಲ್ಲಿರುತ್ತವೆ, ರಿಪೇರಿ ಕೆಲಸ ಜೋರಾಗಿರುತ್ತದೆ. ಅಲ್ಲಿ ಸ್ವಲ್ಪ ಹೊತ್ತು ನಿಂತು ನೋಡಿ. ಒಡೆದ ಜಾಗವನ್ನು ಗ್ರೈಂಡರ್‌ನಲ್ಲಿ ಉಜ್ಜುತ್ತಾರೆ. ಮ್ಯಾಟ್, ಅಂದರೆ ಗಾಜಿನ ನಾರಿನ ಹಾಸು, ಕತ್ತರಿಸಿ ಇಡುತ್ತಾರೆ. ರೆಸಿನ್ ಎಂಬ ಅಂಟುದ್ರವಕ್ಕೆ ಅದನ್ನು ಗಟ್ಟಿ ಮಾಡುವ ಹಾರ್ಡ್‌ನರ್ ಬೆರೆಸಿ ಬ್ರಷ್‌ನಿಂದ ಕುಟ್ಟಿ ಕುಟ್ಟಿ ಹಚ್ಚುತ್ತಾರೆ. ಕುಟ್ಟುವುದು ಯಾಕೆ ಅಂದರೆ ಒಳಗೆ ಗಾಳಿಯ ಗುಳ್ಳೆ ಉಳಿಯಬಾರದು. ಬಿಳಿ ಮ್ಯಾಟ್ ರೆಸಿನ್ ಕುಡಿದು ಪಾರದರ್ಶಕವಾಗುತ್ತದೆ. ಎಲ್ಲಿ ಬಿಳಿ ಉಳಿದಿದೆಯೋ ಅಲ್ಲಿ ಗಾಳಿ ಇದೆ ಅಂತ ಲೆಕ್ಕ. 117 ಸೆಂಟಿಮೀಟರಿನ ಮೈಸೂರಿಗೂ ಇದೇ ಕೆಲಸ, ಇದೇ ಸಾಮಾನು. ಮ್ಯಾಟ್ ಮಾತ್ರ ತೆಳುವಾದದ್ದು ಬೇಕು. ಮಳೆಗಾಲದ ತೇವದಲ್ಲಿ ರೆಸಿನ್ ಸರಿಯಾಗಿ ಗಟ್ಟಿಯಾಗದೆ ಅಂಟಂಟಾಗಿ ಉಳಿಯುವುದುಂಟು. ಹಾಗಾಗಿ ಮಳೆ ಬಿಟ್ಟ ದಿನ ನೋಡಿ, ಗಾಳಿಯಾಡುವ ಜಾಗದಲ್ಲಿ, ಮುಖಕ್ಕೆ ಮಾಸ್ಕ್ ಹಾಕಿಕೊಂಡು ಮಾಡಬೇಕು.

ಇಷ್ಟು ಕಷ್ಟಪಟ್ಟು ಮಾಡಿದ ಗಟ್ಟಿ ಒಡಲನ್ನು ಮುಂದೆ ಏನು ಮಾಡುತ್ತಾರೆ ಗೊತ್ತಾ? ಅದರ ಎರಡೂ ಬದಿಗಳನ್ನು ಕೊರೆದು ತೆಗೆಯುತ್ತಾರೆ. ತಳ ಉಳಿಯುತ್ತದೆ. ಮೇಲಂಚಿನ ಪಟ್ಟಿ ಉಳಿಯುತ್ತದೆ. ನಡುವೆ ಪಕ್ಕೆಲುಬುಗಳಂತೆ ಸಣ್ಣ ಸಣ್ಣ ಕಂಬಗಳು ಮಾತ್ರ. ಈ ಕಿಟಕಿಗಳ ಮೇಲೆ ಬಾಲ್ಸಾ ಮರದ ತೆಳು ಹಾಳೆಯನ್ನು ಬಾಗಿಸಿ ಅಂಟಿಸುತ್ತಾರೆ. ಹಡಗಿನ ಗಾತ್ರಕ್ಕೆ ತಕ್ಕಂತೆ ಹಾಳೆಯ ದಪ್ಪ ಎಷ್ಟಿರಬೇಕು, ಕಂಬಗಳು ಎಷ್ಟು ಅಗಲ ಇರಬಹುದು ಅನ್ನುವುದಕ್ಕೆಲ್ಲ ಕ್ಲಬ್ಬಿನ ನಿಯಮ ಇರುತ್ತದೆ. ಕಳ್ಳಾಟ ಆಡಿ ಬದಿಯನ್ನು ಗಟ್ಟಿ ಮಾಡುವಂತಿಲ್ಲ. ಗುಂಡು ಬಿದ್ದರೆ ತೂತು ಆಗಲೇಬೇಕು.

ಬಾಲ್ಸಾ ಮುಖ್ಯವಾಗಿ ಬರುವುದು ದಕ್ಷಿಣ ಅಮೆರಿಕದ ಈಕ್ವೆಡಾರ್‌ನಿಂದ. ನಮ್ಮಲ್ಲಿ ಮಾದರಿ ವಿಮಾನದ ಸಾಮಾನು ಮಾರುವವರ ಹತ್ತಿರ ಸಿಗುತ್ತದೆ. ಎಷ್ಟು ಮೆತ್ತಗಿನ ಮರ ಅಂದರೆ ಉಗುರಿನಿಂದ ಒತ್ತಿದರೆ ಗೆರೆ ಬೀಳುತ್ತದೆ. ಗುಂಡು ಹೊಕ್ಕ ಹಾಳೆಯನ್ನು ಹತ್ತಿರದಿಂದ ನೋಡಿದರೆ ಹೊರಗಿನ ತೂತು ದುಂಡಗೆ, ಅಂಚು ಸಾಫಾಗಿ ಇರುತ್ತದೆ. ಒಳಮುಖದಲ್ಲಿ ಮಾತ್ರ ನಾರು ಸಿಗಿದು, ಮರದ ಎಳೆಯ ಗುಂಟ ಉದ್ದಕ್ಕೆ ಸೀಳಿರುತ್ತದೆ. ಕೆಲವು ಸಲ ಆ ಸಿಗಿದ ನಾರುಗಳೇ ನೀರಿನಲ್ಲಿ ಉಬ್ಬಿ ತೂತನ್ನು ಅರ್ಧ ಮುಚ್ಚಿಬಿಡುತ್ತವೆ. ಇನ್ನು ಕೆಲವು ಸಲ ಎರಡು ತೂತುಗಳ ನಡುವಿನ ಚೂರೇ ಕಿತ್ತು ಹೋಗಿ ಹೆಬ್ಬೆರಳು ತೂರುವಷ್ಟು ಬಾಯಿ ತೆರೆದುಕೊಳ್ಳುತ್ತದೆ. ಅಂಥ ತೂತು ಬಿದ್ದರೆ ಹಡಗಿನ ಕತೆ ಹೆಚ್ಚುಕಮ್ಮಿ ಮುಗಿದ ಹಾಗೆ.

ಗನ್ ಮತ್ತು ಗ್ಯಾಸು

ಗನ್‌ನಲ್ಲಿ ಮದ್ದು ಇರುವುದಿಲ್ಲ. ಸಣ್ಣ ಸಿಲಿಂಡರಿನಲ್ಲಿ ಕಾರ್ಬನ್ ಡೈ ಆಕ್ಸೈಡ್ ಇರುತ್ತದೆ. ಅದರ ಒತ್ತಡವನ್ನು ರೆಗ್ಯುಲೇಟರ್ ಸುಮಾರು 10 ಬಾರ್‌ಗೆ (ಬಾರ್ ಅಂದರೆ ಒತ್ತಡದ ಅಳತೆ) ಇಳಿಸುತ್ತದೆ. ಗನ್ನಿನ ಕೊಳವೆಯ ಬುಡದಲ್ಲಿ ಒಂದು ರಬ್ಬರ್ ರಿಂಗ್ ಇರುತ್ತದೆ, ಗುಂಡು ಅದಕ್ಕೆ ಒತ್ತಿಕೊಂಡು ಕೂತಿರುತ್ತದೆ. ವಾಲ್ವ್ ತೆರೆದಾಗ ಗ್ಯಾಸು ಒಮ್ಮೆಲೇ ಬಂದು ಗುಂಡನ್ನು ಆ ರಿಂಗ್ ದಾಟಿಸಿ ಹೊರಗೆ ಎಸೆಯುತ್ತದೆ. ಮುಂದಿನ ಗುಂಡು ಮೇಲಿನ ಕೊಳವೆಯಿಂದ ಇಳಿದು ಅದೇ ಜಾಗದಲ್ಲಿ ಕೂರುತ್ತದೆ. ಎಷ್ಟು ಸರಳ ಅಂದರೆ ಲೇತ್ ಕೆಲಸ ಬಲ್ಲ ಯಾರಾದರೂ ಚಿತ್ರ ನೋಡಿ ಮಾಡಿಬಿಡಬಹುದು. ಪ್ರತಿ ಸಲವೂ ಒಂದೇ ಬಲದಲ್ಲಿ, ಎರಡು ಗುಂಡು ಒಟ್ಟಿಗೆ ಹಾರದ ಹಾಗೆ ಮಾಡುವುದು ಮಾತ್ರ ಕಷ್ಟ. ಅದಕ್ಕೆ ತಾಳ್ಮೆ ಬೇಕು.

ಆಟದಲ್ಲಿ ಮುಖ್ಯವಾಗಿ ಎರಡು ಪಂಥ ಇದೆ. ಫಾಸ್ಟ್ ಗನ್ ಅನ್ನುವ ಪಂಥದಲ್ಲಿ ಎಲ್ಲರಿಗೂ ಒಂದೇ ಗಾತ್ರದ ಗುಂಡು, 4.5 ಮಿಲಿಮೀಟರಿನದ್ದು. ಗನ್ನುಗಳನ್ನು ಹೆಚ್ಚಾಗಿ ಒಂದೇ ದಿಕ್ಕಿಗೆ ಬಿಗಿದಿರುತ್ತಾರೆ. ಗುರಿ ಇಡಬೇಕಾದರೆ ಇಡೀ ಹಡಗನ್ನೇ ತಿರುಗಿಸಬೇಕು. ಬಿಗ್ ಗನ್ ಪಂಥದಲ್ಲಿ ನಿಜವಾದ ಹಡಗಿನ ತೋಪು ಎಷ್ಟು ದೊಡ್ಡದೋ ಅದಕ್ಕೆ ಹೊಂದುವ ಗುಂಡು. ತೋಪಿನ ಗೋಪುರ ಎಡಬಲ ತಿರುಗುತ್ತದೆ. ಇದು ನೋಡಲಿಕ್ಕೆ ಚಂದ, ನಿಜಕ್ಕೂ ಹತ್ತಿರ. ಆದರೆ ಕಟ್ಟುವ ಕೆಲಸ ದುಪ್ಪಟ್ಟು. ಮೊದಲ ಸಲ ಕಟ್ಟುವವರಿಗೆ ಫಾಸ್ಟ್ ಗನ್ನೇ ಸರಿ ಅಂತ ನನ್ನ ಅಭಿಪ್ರಾಯ.

ನಮ್ಮ ಊರಿನವರು ವಿಶೇಷವಾಗಿ ಗಮನಿಸಬೇಕಾದ ಒಂದು ವಿಷಯ ಇಲ್ಲಿದೆ. ಸಿಲಿಂಡರಿನೊಳಗೆ ಕಾರ್ಬನ್ ಡೈ ಆಕ್ಸೈಡ್ ದ್ರವವಾಗಿ ಇರುತ್ತದೆ. ಆದರೆ 31 ಡಿಗ್ರಿ ದಾಟಿದರೆ ಅದು ದ್ರವವಾಗಿ ಉಳಿಯಲು ಸಾಧ್ಯವೇ ಇಲ್ಲ, ಎಷ್ಟೇ ಒತ್ತಡ ಹಾಕಿದರೂ. ತಂಪು ದೇಶದವರು ಬರೆದ ಸೂಚನೆಗಳಲ್ಲಿ ಇದಕ್ಕೆ ಅಷ್ಟು ಒತ್ತು ಇರುವುದಿಲ್ಲ, ಅಲ್ಲಿ ಅದು ಅಪರೂಪದ ಪರಿಸ್ಥಿತಿ. ನಮ್ಮಲ್ಲಿ ಏಪ್ರಿಲ್ ಮಧ್ಯಾಹ್ನ ನೆರಳಿನಲ್ಲೇ 33, 34 ಡಿಗ್ರಿ ಇರುತ್ತದೆ. 25 ಡಿಗ್ರಿಯಲ್ಲಿ ಸಿಲಿಂಡರಿನ ಒತ್ತಡ ಸುಮಾರು 64 ಬಾರ್. ತುಂಬಿದ ಸಿಲಿಂಡರನ್ನು ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನಲ್ಲಿ ಬಿಟ್ಟರೆ ಅದು ನೂರು ಬಾರ್ ದಾಟಿ ಏರುತ್ತದೆ. ಸಿಲಿಂಡರಿಗೆ ಗ್ಯಾಸು ತುಂಬುವುದು ತೂಕ ನೋಡಿಯೇ ಆಗಬೇಕು, ಅಂದಾಜಿನಲ್ಲಿ ಅಲ್ಲ. ಸುರಕ್ಷಾ ಡಿಸ್ಕ್ (ಒತ್ತಡ ಮೀರಿದರೆ ತಾನೇ ಒಡೆದು ಗ್ಯಾಸು ಹೊರಬಿಡುವ ಬಿಲ್ಲೆ) ಇಲ್ಲದ, ಪರೀಕ್ಷೆಯ ದಿನಾಂಕ ಮುಗಿದ ಸಿಲಿಂಡರನ್ನು ಮುಟ್ಟಲೇಬಾರದು. ಆಟವನ್ನು ಬೆಳಿಗ್ಗೆ ಹತ್ತರೊಳಗೆ ಮುಗಿಸುವುದು ಒಳ್ಳೆಯದು. ಇದರ ವಿರುದ್ಧದ ತೊಂದರೆಯೂ ಒಂದಿದೆ. ಒಂದೇ ಸಮ ಗುಂಡು ಹಾರಿಸಿದರೆ ದ್ರವ ಗ್ಯಾಸಾಗುವ ಭರದಲ್ಲಿ ಸಿಲಿಂಡರ್ ತಣ್ಣಗಾಗಿ ಒತ್ತಡ ಬೀಳುತ್ತದೆ. ನಮ್ಮ ಸೆಕೆಯ ಗಾಳಿಯಲ್ಲಿ ರೆಗ್ಯುಲೇಟರಿನ ಮೇಲೆ ಬೆವರಿನಂತೆ ನೀರಿಳಿಯುತ್ತದೆ, ಆಮೇಲೆ ಅದೇ ಮಂಜಾಗುತ್ತದೆ. ಗುಂಡು ಹತ್ತಿರದಲ್ಲೇ ಬೀಳತೊಡಗುತ್ತದೆ.

ಗುಂಡು ಚಿಕ್ಕದು ಅಂತ ಅಸಡ್ಡೆ ಬೇಡ. ಕಣ್ಣಿಗೆ ತಾಗಿದರೆ ಕಣ್ಣು ಹೋಗುತ್ತದೆ. ಆಡುವವರು ಮಾತ್ರ ಅಲ್ಲ, ದಡದಲ್ಲಿ ನಿಂತ ಪ್ರತಿಯೊಬ್ಬರೂ ಸುರಕ್ಷಾ ಕನ್ನಡಕ ಹಾಕಬೇಕು. ಹಡಗು ನೀರಿನ ಹೊರಗಿರುವಾಗ ಗನ್ನಿನ ಬಾಯಿಗೆ ಬಿರಡೆ ಇರಬೇಕು. ಗನ್ನಿನ ಮೂತಿ ಸ್ವಲ್ಪ ಕೆಳಮುಖವಾಗಿ, ಗುಂಡು ಹತ್ತಿರದಲ್ಲೇ ನೀರಿಗೆ ಬೀಳುವ ಹಾಗೆ ಇರಬೇಕು. ಇನ್ನೊಂದು ಮಾತು. ನಮ್ಮ ದೇಶದಲ್ಲಿ ಗಾಳಿ ಬಂದೂಕಿಗೂ ಶಸ್ತ್ರಾಸ್ತ್ರ ನಿಯಮಗಳು ಅನ್ವಯಿಸುತ್ತವೆ. ಗನ್ ಮಾಡಿ ಮುಗಿಸಿದ ಮೇಲೆ ಅಲ್ಲ, ಮಾಡುವುದಕ್ಕೆ ಮೊದಲೇ ಠಾಣೆಯಲ್ಲಿ ಕೇಳಿ, ಲಿಖಿತವಾಗಿ ತಿಳಿದುಕೊಂಡು ಮುಂದುವರಿಯಿರಿ.

ನೀರು ಒಳಗೆ ಬಂದ ಮೇಲೆ

ಈ ಹವ್ಯಾಸದ ಜೀವಾಳ ಇದು. ಸ್ವಲ್ಪ ನಿಧಾನವಾಗಿ ನೋಡೋಣ.

ನೀರಿನ ಮಟ್ಟದಿಂದ 3 ಸೆಂಟಿಮೀಟರ್ ಕೆಳಗೆ ಒಂದು 4.5 ಮಿಲಿಮೀಟರಿನ ತೂತು ಬಿತ್ತು ಅಂತ ಇಟ್ಟುಕೊಳ್ಳಿ. ಆ ಆಳದಲ್ಲಿ ನೀರು ಒಳಗೆ ಚಿಮ್ಮುವ ವೇಗ ಸೆಕೆಂಡಿಗೆ ಮುಕ್ಕಾಲು ಮೀಟರ್. ತೂತಿನ ಅಂಚಿನ ತಡೆ ಕಳೆದು ಲೆಕ್ಕ ಹಾಕಿದರೆ ನಿಮಿಷಕ್ಕೆ ನಾನೂರು ಮಿಲಿಲೀಟರಿಗಿಂತ ಸ್ವಲ್ಪ ಜಾಸ್ತಿ ನೀರು ಬರುತ್ತದೆ. ಒಂದು ತೂತಾದರೆ ದೊಡ್ಡ ವಿಷಯ ಅಲ್ಲ. ಹತ್ತು ತೂತಾದರೆ ನಿಮಿಷಕ್ಕೆ ನಾಲ್ಕು ಲೀಟರಿಗಿಂತ ಹೆಚ್ಚು. ಮೈಸೂರಿನ ಒಟ್ಟು ತೂಕವೇ ಮೂರೂವರೆ ಕಿಲೋ. ಪಂಪ್ ಇಲ್ಲದಿದ್ದರೆ ಒಂದೆರಡು ನಿಮಿಷದ ಮಾತು.

ಅದೂ ಒಂದೇ ಸಮನೆ ನಡೆಯುವುದಿಲ್ಲ. ನೀರು ತುಂಬಿದಷ್ಟೂ ಹಡಗು ತಗ್ಗುತ್ತದೆ. ತಗ್ಗಿದಷ್ಟೂ, ಮೊದಲು ನೀರಿನ ಮೇಲಿದ್ದ ತೂತುಗಳು ನೀರಿನೊಳಗೆ ಬರುತ್ತವೆ. ಅವುಗಳಿಂದಲೂ ನೀರು ನುಗ್ಗುತ್ತದೆ. ಹಡಗು ಇನ್ನಷ್ಟು ತಗ್ಗುತ್ತದೆ. ಹಾಗಾಗಿ ಬಹಳ ಹೊತ್ತು ಏನೂ ಆಗದ ಹಾಗೆ ಓಡಾಡುತ್ತಿದ್ದ ಹಡಗು ನೋಡನೋಡುತ್ತಿದ್ದಂತೆ ಹೋಗಿಬಿಡುತ್ತದೆ. ನೀರಿನ ಮೇಲಿನ ತೂತು ಲೆಕ್ಕಕ್ಕಿಲ್ಲ ಅಂದುಕೊಂಡವರು ಇಲ್ಲೇ ಸೋಲುತ್ತಾರೆ. ಕ್ಲಬ್ಬುಗಳ ಅಂಕ ಪದ್ಧತಿಯಲ್ಲೂ ಇದು ಕಾಣುತ್ತದೆ. ನೀರಿನ ಮಟ್ಟಕ್ಕಿಂತ ಮೇಲಿನ ತೂತಿಗೆ ಕಡಿಮೆ ಅಂಕ, ಮಟ್ಟದಲ್ಲೇ ಬಿದ್ದದ್ದಕ್ಕೆ ಹೆಚ್ಚು, ಕೆಳಗಿನದ್ದಕ್ಕೆ ಇನ್ನೂ ಹೆಚ್ಚು. ಮುಳುಗಿಸಿದರೆ ದೊಡ್ಡ ಮೊತ್ತದ ಅಂಕ.

ಎಲ್ಲ ಹಡಗುಗಳೂ ತಗ್ಗಿ ಮುಳುಗುವುದಿಲ್ಲ. ಬಹಳಷ್ಟು ಮಗುಚಿ ಹೋಗುತ್ತವೆ. ಅದಕ್ಕೆ ಕಾರಣ ಒಳಗಿನ ನೀರಿನ ಓಡಾಟ. ಅಗಲವಾದ ತಟ್ಟೆಯಲ್ಲಿ ಸಾರು ತುಂಬಿಸಿ ನಡೆದು ನೋಡಿ, ಸ್ವಲ್ಪ ವಾಲಿದರೂ ಎಲ್ಲ ಒಂದೇ ಬದಿಗೆ ಓಡುತ್ತದೆ. ಹಡಗಿನ ತಳದಲ್ಲಿ ತೆಳ್ಳಗೆ ಹರಡಿದ ನೀರೂ ಹೀಗೇ ಮಾಡುತ್ತದೆ. ಹಡಗು ಎಡಕ್ಕೆ ವಾಲಿದರೆ ನೀರೂ ಎಡಕ್ಕೆ ಓಡಿ, ಆ ವಾಲುವಿಕೆಯನ್ನು ಇನ್ನೂ ಹೆಚ್ಚಿಸುತ್ತದೆ. ಈ ಅಪಾಯ ನೀರು ಹರಡಿದ ಅಗಲದ ಘನಕ್ಕೆ ತಕ್ಕಂತೆ ಏರುತ್ತದೆ. ನೀರಿನ ಆಳಕ್ಕಿಂತ ಅಗಲವೇ ಇಲ್ಲಿ ಕೆಟ್ಟದ್ದು.

ಅದಕ್ಕೆ ಉಪಾಯ, ತಳದ ಎರಡೂ ಕಡೆ ನೀರು ಹೀರದ ಫೋಮ್ ಕೂರಿಸಿ, ನಡುವೆ ಒಂದು ಕಿರಿದಾದ ಕಾಲುವೆ ಬಿಡುವುದು. ಎಲ್ಲಿಂದ ಬಂದ ನೀರೂ ಆ ಕಾಲುವೆಗೇ ಇಳಿಯಬೇಕು. 13 ಸೆಂಟಿಮೀಟರ್ ಅಗಲಕ್ಕೆ ಹರಡುತ್ತಿದ್ದ ನೀರನ್ನು 4 ಸೆಂಟಿಮೀಟರಿಗೆ ಕಟ್ಟಿಹಾಕಿದರೆ ಮಗುಚುವ ಒತ್ತಡ ಮೂವತ್ತರಲ್ಲಿ ಒಂದು ಪಾಲಿಗಿಂತಲೂ ಕಡಿಮೆಯಾಗುತ್ತದೆ. ಕಾಲುವೆಯ ಅತಿ ತಗ್ಗಿನ ಜಾಗದಲ್ಲಿ ಪಂಪ್ ಕೂರಿಸಬೇಕು. ಆಗ ಸ್ವಲ್ಪವೇ ನೀರು ಬಂದರೂ ಪಂಪಿಗೆ ಸಿಗುತ್ತದೆ. ಇಲ್ಲದಿದ್ದರೆ ಹಡಗಿನಲ್ಲಿ ಲೀಟರುಗಟ್ಟಲೆ ನೀರಿದ್ದೂ ಪಂಪ್ ಗಾಳಿ ಎಳೆಯುತ್ತಾ ಕೂತಿರುತ್ತದೆ. ಫೋಮ್ ಅನ್ನು ಬಾಲ್ಸಾ ಹಾಳೆಯ ಬೆನ್ನಿಗೇ ತಾಗಿಸಿ ಇಡುವಂತಿಲ್ಲ, ಅದು ಗುಂಡಿಗೆ ತಡೆಯಾಗುತ್ತದೆ. ಪಂಪಿನ ಶಕ್ತಿಗೂ ನಿಯಮದ ಮಿತಿ ಇದೆ. ಹಾಗಾಗಿ ದೊಡ್ಡ ಪಂಪ್ ಹಾಕಿ ಗೆಲ್ಲುತ್ತೇನೆ ಅನ್ನುವಂತಿಲ್ಲ. ಇರುವ ಪಂಪಿಗೆ ನೀರನ್ನು ತಂದು ಕೊಡುವವನು ಗೆಲ್ಲುತ್ತಾನೆ. ಒಂದು ಎಲೆ, ಒಂದು ಬಾಲ್ಸಾ ಚೂರು ಪಂಪಿನ ಬಾಯಿಗೆ ಸಿಕ್ಕಿಕೊಂಡರೆ ಎಲ್ಲ ವ್ಯರ್ಥ. ಜಾಲರಿ ಹಾಕಲೇಬೇಕು. ದಕ್ಕೆಯಲ್ಲಿ ಯಾವುದೇ ಟ್ರಾಲ್ ಬೋಟಿನವರನ್ನು ಕೇಳಿ, ಪಂಪಿಗೆ ಕಸ ಸಿಕ್ಕಿಕೊಳ್ಳುವುದರ ಬಗ್ಗೆ ಅವರು ಇದನ್ನೇ ಹೇಳುತ್ತಾರೆ.

ರೇಡಿಯೊದ ಬಗ್ಗೆ ಎರಡು ಮಾತು ಸಾಕು. ಈಗಿನ ರಿಮೋಟ್‌ಗಳು 2.4 ಗಿಗಾಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತವೆ, ನಮ್ಮಲ್ಲಿ ಆ ತರಂಗಕ್ಕೆ ಲೈಸೆನ್ಸ್ ಬೇಡ. ಆದರೆ ಅದು ನೀರನ್ನು ದಾಟುವುದಿಲ್ಲ. ಆಂಟೆನಾವನ್ನು ಹಡಗಿನ ಮೇಲ್ಭಾಗದಲ್ಲೇ ಇಡಬೇಕು. ಸಿಗ್ನಲ್ ತಪ್ಪಿದ ಕೂಡಲೇ ಮೋಟರ್ ನಿಂತು, ಗನ್ ಸುಮ್ಮನಾಗುವ ಹಾಗೆ ಮೊದಲೇ ಹೊಂದಿಸಿರಬೇಕು.

ಕೆರೆಯ ಮೇಲಿನ ಹತ್ತಿಪ್ಪತ್ತು ನಿಮಿಷ

ಆಟಗಾರರು ಎರಡು ಪಡೆಗಳಾಗಿ ನಿಲ್ಲುತ್ತಾರೆ. ಗುಂಡು ಹೆಚ್ಚು ದೂರ ಹೋಗುವುದಿಲ್ಲ, ಹಾಗಾಗಿ ಹಡಗುಗಳು ಒಂದಕ್ಕೊಂದು ತೀರಾ ಹತ್ತಿರ ಬರಬೇಕು. ಬೇಕೆಂದೇ ಡಿಕ್ಕಿ ಹೊಡೆದರೆ ದಂಡ. ದೂರದಿಂದ ಹೊಡೆದ ಗುಂಡು ನೀರಿಗೆ ಓರೆಯಾಗಿ ತಾಗಿ ಪುಟಿದು ಹೋಗುತ್ತದೆ. ನೀರಿನ ಮಟ್ಟದ ಕೆಳಗೆ ತೂತು ಮಾಡಬೇಕಾದರೆ ಪಕ್ಕಕ್ಕೇ ಹೋಗಿ ಹೊಡೆಯಬೇಕು.

ಇಲ್ಲೊಂದು ಒಳ್ಳೆಯ ಪಟ್ಟು ಇದೆ. ಇಂಥ ಹಡಗು ಜೋರಾಗಿ ಬಲಕ್ಕೆ ತಿರುಗಿದರೆ ಬೈಕಿನ ಹಾಗೆ ಒಳಕ್ಕೆ ವಾಲುವುದಿಲ್ಲ, ಹೊರಕ್ಕೆ, ಅಂದರೆ ಎಡಕ್ಕೆ ವಾಲುತ್ತದೆ. ಆಗ ಬಲಬದಿ ಮೇಲೇಳುತ್ತದೆ. ಸದಾ ನೀರಿನೊಳಗಿರುವ ಜಾಗ ಒಂದೆರಡು ಕ್ಷಣ ಹೊರಗೆ ಕಾಣುತ್ತದೆ. ತಿರುವಿನ ಒಳಬದಿಯಲ್ಲಿರುವ ಎದುರಾಳಿ ಆ ಕ್ಷಣಕ್ಕೇ ಕಾಯುತ್ತಿರುತ್ತಾನೆ. ಹಡಗು ನೆಟ್ಟಗಾದಾಗ ಆ ತೂತುಗಳೆಲ್ಲ ನೀರಿನಡಿಗೆ ಹೋಗುತ್ತವೆ. ಗಾಬರಿಯಲ್ಲಿ ಚುಕ್ಕಾಣಿ ಪೂರ್ತಿ ತಿರುಗಿಸುವವನು ತನ್ನ ಹೊಟ್ಟೆ ತಾನೇ ತೋರಿಸಿದ ಹಾಗೆ. ಅನುಭವ ಇರುವವರು ಮೊದಲು ವೇಗ ತಗ್ಗಿಸಿ, ಆಮೇಲೆ ತಿರುಗುತ್ತಾರೆ.

ಗುಂಡು ಮುಗಿದವರು ಅಥವಾ ನೀರು ತುಂಬಿದವರು ಹಿಂದೆ ಸರಿಯುತ್ತೇನೆ ಅಂತ ಕೂಗಿ ಹೇಳಬೇಕು. ಹೇಳಿದ ಕೂಡಲೇ ಬಚಾವಾಗುವುದಿಲ್ಲ. ನಿಗದಿತ ಸಮಯ, ಹೆಚ್ಚಾಗಿ ಐದು ನಿಮಿಷ, ನೀರಿನ ಮೇಲೆ ಉಳಿಯಬೇಕು. ಬೆನ್ನಟ್ಟಿ ಬರುವವರಿಂದ ತಪ್ಪಿಸಿಕೊಂಡು, ಪಂಪ್ ಉಗುಳುವ ನೀರನ್ನೇ ನೋಡುತ್ತಾ ಓಡಾಡುವ ಆ ಐದು ನಿಮಿಷಕ್ಕಾಗಿಯೇ ನಾನು ಈ ಆಟವನ್ನು ಇಷ್ಟಪಡುತ್ತೇನೆ.

ಮುಳುಗುವ ಹಡಗಿನಿಂದ ದಾರ ಕಟ್ಟಿದ ಸಣ್ಣ ತೇಲುಬುರುಡೆ ಮೇಲಕ್ಕೆ ಬರುವ ಹಾಗೆ ಮಾಡಿರುತ್ತಾರೆ. ಎತ್ತಿದ ಕೂಡಲೇ ಬ್ಯಾಟರಿ ತಪ್ಪಿಸಿ, ಎಲ್ಲವನ್ನೂ ಒಣಗಿಸಬೇಕು. ಸಿಹಿನೀರಾದರೆ ಹೆಚ್ಚಿನ ಸಾಮಾನು ಬದುಕುತ್ತದೆ. ಉಪ್ಪುನೀರಾದರೆ ಸರ್ಕ್ಯೂಟ್ ಬೋರ್ಡು ಹಸಿರುಗಟ್ಟಲು ಹೆಚ್ಚು ದಿನ ಬೇಡ.

ನಮ್ಮಲ್ಲಿ ಎಲ್ಲಿ, ಹೇಗೆ?

ಉಪ್ಪುನೀರಿನ ಕಾರಣಕ್ಕೇ ಮಂಗಳೂರಿನ ಫಲ್ಗುಣಿ ನದಿ ಬೇಡ. ಬೋಳೂರಿನ ಸುಲ್ತಾನ್ ಬತ್ತೇರಿಯ ಹತ್ತಿರ ಮಾದರಿ ಹಡಗು ಬಿಡಬೇಕು ಅಂತ ಯಾರಿಗಾದರೂ ಅನ್ನಿಸಬಹುದು. ಯುದ್ಧದ ಹಡಗುಗಳು ನದಿಯೊಳಗೆ ಬಾರದಂತೆ ತಡೆಯಲು 1784ರಲ್ಲಿ ಟಿಪ್ಪು ಕಟ್ಟಿಸಿದ ಕಾವಲು ಬುರುಜು ಅದು. ಆದರೆ ಅಲ್ಲಿ ಉಬ್ಬರ ಇಳಿತದ ಸೆಳೆತ ಇದೆ, ದೋಣಿಗಳ ಓಡಾಟ ಇದೆ. ಮುಳುಗಿದ ಹಡಗು ಮತ್ತೆ ಕೈಗೆ ಸಿಗುವುದಿಲ್ಲ. ಕಾವೂರು ಕೆರೆ, ಮಣಿಪಾಲದ ಮಣ್ಣಪಳ್ಳ ಇವೆಲ್ಲ ಜನ ವಾಕಿಂಗ್ ಬರುವ ಜಾಗ, ಹಕ್ಕಿಗಳಿರುವ ಜಾಗ. ಅಲ್ಲಿ ಗನ್ ಹಿಡಿದು ಹೋಗಲೇಬಾರದು. ಇನ್ನು ಕೆಂಪುಕಲ್ಲು ತೆಗೆದು ಬಿಟ್ಟ ಕೋರೆಗಳು. ನೀರು ನಿಂತಿರುತ್ತದೆ, ಯಾರೂ ಇರುವುದಿಲ್ಲ, ಸರಿಯಾದ ಜಾಗ ಅನ್ನಿಸುತ್ತದೆ. ದಯವಿಟ್ಟು ಬೇಡ. ಅವುಗಳ ಗೋಡೆ ಕಡಿದು, ಆಳ ಗೊತ್ತಾಗುವುದಿಲ್ಲ. ಪ್ರತಿ ಮಳೆಗಾಲವೂ ಅಂಥ ಹೊಂಡಗಳ ಬಗ್ಗೆ ಕೆಟ್ಟ ಸುದ್ದಿ ಓದುತ್ತೇವೆ. ಈ ಆಟದಲ್ಲಿ ನೀರಿಗೆ ಇಳಿಯುವುದು ತಪ್ಪಿದ್ದಲ್ಲ. ಸೊಂಟದ ಮಟ್ಟಕ್ಕಿಂತ ಹೆಚ್ಚು ಆಳ ಇರಲೇಬಾರದು.

ಉಳಿದದ್ದು ಪರಿಚಯದವರ ತೋಟದ ಕೆರೆ. ಅದರಲ್ಲೂ ಉದುರಿದ ಗುಂಡುಗಳ ಪ್ರಶ್ನೆ ಇದೆ. ಸೀಸದ ಗುಂಡು ಬೇಡವೇ ಬೇಡ, ಮೀನಿಗೂ ಹಕ್ಕಿಗೂ ವಿಷ. ಪ್ಲಾಸ್ಟಿಕ್ ಗುಂಡೂ ಬೇಡ. ಉಕ್ಕಿನದ್ದಾದರೆ ಕೋಲಿಗೆ ಕಟ್ಟಿದ ಅಯಸ್ಕಾಂತದಿಂದ ಎಷ್ಟೋ ಹೆಕ್ಕಬಹುದು. ತಳಕ್ಕೆ ಬಲೆ ಹಾಸಿದರೆ ಇನ್ನೂ ಸುಲಭ.

ಗನ್ನಿನ ಅನುಮತಿ, ಗ್ಯಾಸು, ಜಾಗ ಎಲ್ಲ ಹೊಂದಿಸುವ ತನಕ ಕಾಯಬೇಕು ಅಂತಿಲ್ಲ. ಗನ್ ಇಲ್ಲದೆಯೇ ಆಡಬಹುದಾದ ಒಂದು ಆಟ ನನಗೆ ತೋಚುತ್ತದೆ. ಬಾಲ್ಸಾ ಬದಿಯಲ್ಲಿ 4.5 ಮಿಲಿಮೀಟರಿನ ತೂತುಗಳನ್ನು ಮೊದಲೇ ಕೊರೆದು ಸಣ್ಣ ಬೆಣೆಗಳನ್ನು ಹೊಡೆದಿಡಿ. ಒಂದೊಂದು ಬೆಣೆಗೂ ದಾರ. ಇಬ್ಬರೂ ಹಡಗು ಬಿಡಿ. ಚೀಟಿ ಎತ್ತಿ, ಚೀಟಿಯಲ್ಲಿ ಬಂದ ನಂಬರಿನ ಬೆಣೆಯನ್ನು ಎರಡೂ ಹಡಗುಗಳಲ್ಲಿ ಕೀಳಿ. ನಿಮಿಷಕ್ಕೊಂದು ಚೀಟಿ. ಒಂದು ಗುರುತಿನಿಂದ ಇನ್ನೊಂದಕ್ಕೆ ಸುತ್ತು ಹಾಕುತ್ತಲೇ ಇರಬೇಕು. ಯಾರ ಹಡಗು ಕೊನೆಯ ತನಕ ನೆಟ್ಟಗೆ ನಿಲ್ಲುತ್ತದೋ ಅವರ ಕಾಲುವೆ, ಪಂಪ್, ತೂಕದ ಹಂಚಿಕೆ ಸರಿಯಾಗಿದೆ. ಶಾಲೆಯ ಮಕ್ಕಳೂ ಇದನ್ನು ಆಡಬಹುದು. ಸಿಮೆಂಟಿನ ದೊಡ್ಡ ತೊಟ್ಟಿ ಇದ್ದರೆ ಸಾಕು.

ಫೈಬರ್ ಒಡಲು ತೆಗೆಯುವ ಅಚ್ಚು ಮಾಡುವಾಗ ಮೈಸೂರಿನದ್ದನ್ನೇ ಮಾಡಿ ಅನ್ನಲು ಇನ್ನೊಂದು ಕಾರಣ ಇದೆ. ನೈಜೀರಿಯಾ ಒಂಟಿ ಹಡಗಲ್ಲ. ಹೆಚ್ಚುಕಮ್ಮಿ ಅದೇ ಒಡಲಿನ 11 ಕ್ರೂಸರುಗಳನ್ನು ಬ್ರಿಟನ್ ಕಟ್ಟಿತ್ತು. ಅವುಗಳಲ್ಲಿ ಒಂದಾದ ಜಮೈಕಾ 1943ರ ಡಿಸೆಂಬರ್ 26ರಂದು ಜರ್ಮನಿಯ ಶಾರ್ನ್‌ಹೋರ್ಸ್ಟ್ ಮುಳುಗಿದ ಕಾಳಗದಲ್ಲಿತ್ತು. ಹಾಗಾಗಿ ಮಳೆಗಾಲದಲ್ಲಿ ಒಂದೇ ಅಚ್ಚಿನಿಂದ ನಾಲ್ಕು ಒಡಲು ತೆಗೆದು, ನಾಲ್ಕು ಜನ ಹಂಚಿಕೊಳ್ಳಬಹುದು. ಒಬ್ಬರದ್ದು ಮೈಸೂರು, ಇನ್ನೊಬ್ಬರದ್ದು ಜಮೈಕಾ, ಉಳಿದಿಬ್ಬರದ್ದು ಫಿಜಿ ಮತ್ತು ಮಾರಿಷಸ್. ಖರ್ಚೂ ನಾಲ್ಕು ಪಾಲಾಗುತ್ತದೆ. ಸೆಪ್ಟೆಂಬರ್ ಹೊತ್ತಿಗೆ ಬಾಲ್ಸಾ ಅಂಟಿಸಿದರೆ, ಅಕ್ಟೋಬರಿನಲ್ಲಿ ತೋಟದ ಕೆರೆಗಳು ತುಂಬಿರುವಾಗಲೇ ಮೊದಲ ಬೆಣೆ ಕೀಳಬಹುದು.